ಮಿಸ್ತ್ರಿಗೊಂದು ಮಹಡಿ

ನಿಮ್ಮ ಅಕ್ಕ ಹತ್ತನೇ ಇಯತ್ತೆಯಲ್ಲಿದ್ದ ವರ್ಷ, ಒಂದು ರವಿವಾರ ಸಂಜೆ ಆರು ಗಂಟೆಯೊಳಗೆ ನಾನು ಒಬ್ಬ ಮನುಷ್ಯನಿಗೆ ಇರಲು ಒಂದು ಲೋಕ ಹುಡುಕಬೇಕಾಗಿತ್ತು. ಸಿಗದಿದ್ದರೆ ಅವನು ಲಿಫ್ಟಿನೊಳಗೆ ಸಾಯುತ್ತಿದ್ದ. ಆ ಮನುಷ್ಯ ನಿಜವಾಗಿ ಇರಲಿಲ್ಲ, ಕಥೆಯವನು. ಆದರೂ ಆ ದಿನ ನನ್ನ ಬಾಯಿ ಒಣಗಿದ್ದು ನಿಜ. ಮೊಮ್ಮಕ್ಕಳೇ, ನೀವಿಬ್ಬರು ಆಗ ಸಣ್ಣವರು, ನಿಮಗೆ ಗೊತ್ತಿಲ್ಲ. ಅಕ್ಕನನ್ನು ಕೇಳಿದರೆ ಅರ್ಧ ಹೇಳಿ ಎದ್ದು ಹೋಗುತ್ತಾಳೆ. ಅದಕ್ಕೇ ನಾನು ಬರೆದಿಡುತ್ತಿದ್ದೇನೆ.

ಟಿವಿಯಲ್ಲಿ ಮಕ್ಕಳ ಒಂದು ಧಾರಾವಾಹಿ ಬರುತ್ತಿತ್ತು. ಒಂದು ಹಳೇ ಬಿಲ್ಡಿಂಗ್, ಅದರಲ್ಲಿ ಕಬ್ಬಿಣದ ಜಾಳಿಗೆ ಬಾಗಿಲಿನ ಲಿಫ್ಟ್. ಲಿಫ್ಟ್ ನಿಂತ ಒಂದೊಂದು ಮಹಡಿಯಲ್ಲೂ ಒಂದೊಂದು ಲೋಕ. ಐದನೆಯದರಲ್ಲಿ ಬರೀ ಸಮುದ್ರ, ಎಂಟನೆಯದರಲ್ಲಿ ಮಾತಾಡುವ ಮರಗಳು. ಲಿಫ್ಟ್ ನಡೆಸುವವನೊಬ್ಬ, ಅವನ ಜೊತೆ ಹತ್ತಿ ಇಳಿಯುವವರು ಹಲವರು. ಒಂದು ದಿನ ಆ ಧಾರಾವಾಹಿ ಅರ್ಧಕ್ಕೇ ನಿಂತಿತು. ಲಿಫ್ಟ್ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು, ಮುಂದೇನಾಯಿತೆಂದು ಯಾರೂ ಹೇಳಲಿಲ್ಲ.

ಮಕ್ಕಳು ಸುಮ್ಮನಿರಲಿಲ್ಲ. ಚೆಂಬೂರು, ಠಾಣೆ, ಡೊಂಬಿವಲಿ ಎಂದು ಅಲ್ಲಲ್ಲಿದ್ದ ಕನ್ನಡದ ಮನೆಗಳ ಹತ್ತು ಹನ್ನೆರಡು ಮಕ್ಕಳು ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡು ಕಥೆಯನ್ನು ತಾವೇ ಮುಂದುವರಿಸಿದರು. ಫ್ಯಾನ್ ಫಿಕ್ಷನ್ ಎನ್ನುತ್ತಾರಂತೆ. ವಾರಕ್ಕೊಬ್ಬರ ಪಾಳಿ. ಯಾವ ಭಾಷೆಯಲ್ಲಾದರೂ ಬರೆಯಬಹುದು, ಹಿಂದಿ, ಇಂಗ್ಲಿಷು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಓದಲು ಬಾರದವರಿಗೆ ಫೋನೇ ಅನುವಾದ ಮಾಡಿಕೊಡುತ್ತಿತ್ತು. ಡೊಂಬಿವಲಿಯ ಕಾಲೇಜು ಹುಡುಗಿಯೊಬ್ಬಳು ಗ್ರೂಪಿನ ಯಜಮಾನಿ. ಎಲ್ಲರೂ ಅವಳನ್ನು ದೀದಿ ಎನ್ನುತ್ತಿದ್ದರು. ಲಿಫ್ಟ್‌ಮನ್ನನ ಮಾತುಗಳನ್ನು ಅವಳೊಬ್ಬಳೇ ಬರೆಯುತ್ತಿದ್ದಳು.

ನಿಮ್ಮ ಅಕ್ಕನ ಮೊದಲ ಪಾಳಿ ಬಂದಾಗ ಅಜ್ಜ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದರು. ಅವಳು ಬರೆದದ್ದನ್ನು ಓದಿ ಹೇಳಿದಳು. ಅವರು ಕನ್ನಡಕ ಹಣೆಗೇರಿಸಿ ಕೇಳಿದರು:

"ಎಲ್ಲಾ ಖರೆ. ಇಷ್ಟು ಹಳೇ ಲಿಫ್ಟ್, ರಿಪೇರಿ ಯಾರ್ ಮಾಡ್ತಾರ? ಆ ಹಗ್ಗಕ್ಕ ಗ್ರೀಸ್ ಯಾರ್ ಹಚ್ತಾರ?"

ಹಾಗೆ ಹುಟ್ಟಿದವನು ಮಿಸ್ತ್ರಿ. ಟಿವಿಯಲ್ಲಿ ಇಲ್ಲದವನು, ಇವರಿಬ್ಬರೇ ಸೇರಿಸಿದವನು. ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಬಂದು, ಲಿಫ್ಟಿನ ಮಾಡಿನ ಮೇಲೆ ಹತ್ತಿ ಕೂತು, ಯಾರು ಏನು ಕೇಳಿದರೂ "ಇನ್ನ ಅರ್ಧಾ ತಾಸು" ಎನ್ನುತ್ತಿದ್ದ. ಉಳಿದ ಮಕ್ಕಳಿಗೂ ಅವನು ಬಲು ಹಿಡಿಸಿದ. ಅಜ್ಜ ಮೂವತ್ತು ವರ್ಷ ಕುರ್ಲಾದ ಕಾರಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಮಿಸ್ತ್ರಿಯ ಬಾಯಲ್ಲಿ ಬರುತ್ತಿದ್ದ ಬೈಗುಳ ಎಲ್ಲಿಯವೆಂದು ನನಗೆ ಗೊತ್ತಿತ್ತು.

ಅಜ್ಜ ತೀರಿಕೊಂಡ ಮೇಲೂ ಮಿಸ್ತ್ರಿ ಕಥೆಯಲ್ಲಿದ್ದ. ಅಕ್ಕ ಅವನನ್ನು ಒಂದು ವಾರವೂ ತಪ್ಪಿಸದೆ ಬರೆಯುತ್ತಿದ್ದಳು.

ಮುಂದಿನ ವರ್ಷ ಮಕ್ಕಳಿಗೆಲ್ಲ ಬೋರ್ಡ್ ಪರೀಕ್ಷೆ ಬಂತು. ದೀದಿ ಗ್ರೂಪ್ ಮುಚ್ಚಲು ನಿಶ್ಚಯಿಸಿದಳು. ಕೊನೆಯ ಅಧ್ಯಾಯ ಅವಳೇ ಬರೆದಿಟ್ಟಿದ್ದಳು: ರವಿವಾರ ಸಂಜೆ ಆರಕ್ಕೆ ಲಿಫ್ಟಿನ ಹಗ್ಗ ಹರಿಯುತ್ತದೆ, ಲಿಫ್ಟ್ ಬೀಳುತ್ತದೆ. ಅದರೊಳಗೆ ಉಳಿದವರು ಸತ್ತಂತೆ. ಅಷ್ಟರೊಳಗೆ ಒಂದೊಂದು ಪಾತ್ರಕ್ಕೂ ಅದರ ಸ್ವಭಾವಕ್ಕೆ ಒಗ್ಗುವ ಒಂದು ಲೋಕ ಹುಡುಕಿ ರಿಟೈರ್ ಮಾಡಬೇಕು. ಮೂವರು ಬೇಡವೆಂದರೆ ಆ ಲೋಕ ನಡೆಯುವುದಿಲ್ಲ. ಹೊರಟವರು ತಾವೇ ಬಾಯಿಬಿಟ್ಟು ವಿದಾಯ ಹೇಳಬೇಕು, ತಿರುಗಿ ಬರುವ ಮಾತಾಡಬಾರದು. ಒಮ್ಮೆ ಇಳಿದವರನ್ನು ಮತ್ತೆ ಯಾರೂ ಕರೆಯಬಾರದು.

ಇದು ಆಟವೆಂದು ನಾನೂ ತಿಳಿದಿದ್ದೆ. ಆದರೆ ಆ ಮಕ್ಕಳು ಅದನ್ನು ಮಾಡಿದ ರೀತಿ ನೋಡಿದರೆ ಹಾಗನಿಸುತ್ತಿರಲಿಲ್ಲ. ಸದಾ ಜಗಳಾಡುವ ಅವಳಿ ಅಕ್ಕ ತಂಗಿಗೆ ನಡುವೆ ಹೊಳೆ ಹರಿಯುವ ಲೋಕ ಕೊಟ್ಟರು. ಆಚೆ ದಂಡೆಗೊಬ್ಬಳು, ಈಚೆ ದಂಡೆಗೊಬ್ಬಳು, ಕೂಗಿದರೆ ಕೇಳುವಷ್ಟು ದೂರ. ಮೀನು ಕದಿಯುವ ಬೆಕ್ಕಿಗೆ ಸಮುದ್ರದ ಮಹಡಿ.

ಅಕ್ಕ ಮಿಸ್ತ್ರಿಗೆ ಮಾತಾಡುವ ಮರಗಳ ಮಹಡಿ ಕೊಟ್ಟಳು. ಅಲ್ಲೊಂದು ಝೋಕಾಲಿ, ಉಯ್ಯಾಲೆ. ಅಲ್ಲಿ ಯಾವುದೂ ಕೆಡುವುದಿಲ್ಲ, ಅವನು ದಿನವೆಲ್ಲ ತೂಗಿಕೊಂಡು ಕೂರಬಹುದು. ಶನಿವಾರ ಸಂಜೆ ಉತ್ತರ ಬಂತು. ಮೂವರಲ್ಲ, ಐವರು ಬೇಡವೆಂದಿದ್ದರು. "ಎರಡೇ ದಿನದಾಗ ಝೋಕಾಲಿ ಬಿಚ್ಚಿ ಹಾಕ್ತಾನ" ಎಂದು ಒಬ್ಬ. "ಪಾಗಲ್ ಹೋ ಜಾಯೇಗಾ ಬೇಚಾರಾ" ಎಂದು ಇನ್ನೊಬ್ಬಳು. ಮರುದಿನ ಆರರೊಳಗೆ ಇನ್ನೊಂದು ಲೋಕ ಕಳಿಸಬೇಕು, ಅದೊಂದೇ ಅವಕಾಶ.

ಆದರೆ ಆ ರವಿವಾರ ಮಧ್ಯಾಹ್ನದಿಂದ ಅಕ್ಕನಿಗೆ ಸಾಯನ್‌ನ ಟ್ಯೂಷನ್ ಕ್ಲಾಸಿನಲ್ಲಿ ಪರೀಕ್ಷೆ. ಬಾಗಿಲಲ್ಲೇ ಫೋನ್ ತೆಗೆದಿಡುತ್ತಿದ್ದರು. ಬೆಳಿಗ್ಗೆಯಾದರೂ ಬರೆಯುತ್ತೇನೆಂದರೆ ನಿಮ್ಮ ಅಮ್ಮ ಬಿಡಲಿಲ್ಲ. ಅವಳದು ತಪ್ಪೆಂದು ನಾನು ಹೇಳುವುದಿಲ್ಲ, ಪರೀಕ್ಷೆ ಪರೀಕ್ಷೆಯೇ. ಅಕ್ಕ ಅಡುಗೆಮನೆಗೆ ಬಂದು ನನ್ನ ಮುಂದೆ ಟ್ಯಾಬ್ ಇಟ್ಟಳು.

"ಅಜ್ಜಿ, ನೀ ಬರಿ."

"ನಾನಾ? ಹುಚ್ಚೇನ? ನಾ ಏಳನೇತ್ತ ಕಲ್ತಾಕಿ. ಊರಿಗೆ ಕಾಗದಾ ಬರೀಬೇಕಂದ್ರ ನಿಮ್ಮಜ್ಜ ಬರೀತಿದ್ರು."

"ಕನ್ನಡದಾಗೇ ಬರಿ, ಚಲೇಗಾ. ಮಿಸ್ತ್ರಿ ಹ್ಯಾಂಗ ಅಂತ ನಿನಗ ಗೊತ್ತು. ನನಕಿಂತ ಜಾಸ್ತಿ ಗೊತ್ತು."

"ತಪ್ಪಾದ್ರ?"

ಅವಳು ಟ್ಯಾಬನ್ನು ಇನ್ನಷ್ಟು ನನ್ನ ಕಡೆ ಸರಿಸಿದಳು. "ಆರಕ್ಕ ಲಿಫ್ಟ್ ಬೀಳ್ತದ ಅಜ್ಜಿ. ಪ್ಲೀಸ್. ಮತ್ತೊಂದ್ಸಲ ಬ್ಯಾಡ."

ಮತ್ತೊಂದ್ಸಲ ಎಂದರೆ ಏನೆಂದು ನಾನು ಕೇಳಲಿಲ್ಲ. ಕೈ ಒರೆಸಿಕೊಂಡು ಟ್ಯಾಬ್ ತೆಗೆದುಕೊಂಡೆ.

ಅಕ್ಕ ಹೋದಳು. ನಿಮ್ಮ ಅಪ್ಪ ಅಮ್ಮ ನಿಮ್ಮಿಬ್ಬರನ್ನು ಕರೆದುಕೊಂಡು ಕುರ್ಲಾದಲ್ಲಿ ಒಂದು ಮದುವೆಗೆ ಹೋದರು. ಮನೆಯಲ್ಲಿ ನಾನೊಬ್ಬಳೇ. ಅಕ್ಕ ಮಹಡಿಗಳ ಪಟ್ಟಿ ಬರೆದಿಟ್ಟು ಹೋಗಿದ್ದಳು. ಅದನ್ನು ಹಿಡಿದು ಕೂತೆ. ಸಮುದ್ರದ ಮಹಡಿ ಆಗದು, ಲಾಂಚಿನಲ್ಲಿ ಕೂತರೆ ನಿಮ್ಮ ಅಜ್ಜ ನನ್ನ ತೋಳು ಬಿಡುತ್ತಿರಲಿಲ್ಲ. ಭಜನೆಯ ಮಹಡಿ ಇತ್ತು, ಎರಡನೇ ಭಜನೆಗೇ ಗೊರಕೆ ಹೊಡೆಯುತ್ತಿದ್ದರು. ಊರಿನಂಥ ಒಂದು ಲೋಕ ಮಾಡಲೇ ಅಂದುಕೊಂಡೆ, ವಿಜಾಪುರದ ಕಡೆಯ ಬಯಲು, ಬೇವಿನ ಗಿಡ. ನಾಲ್ಕು ಸಾಲು ಬರೆದು ಅಳಿಸಿದೆ. ಊರಿಗೆ ಹೋದರೆ ಮೂರನೇ ದಿನಕ್ಕೇ ಅವರು ವಾಪಸಿನ ಗಾಡಿ ಎಷ್ಟೊತ್ತಿಗೆಂದು ಕೇಳುತ್ತಿದ್ದರು. ಮಿಸ್ತ್ರಿಯೂ ಕೇಳುತ್ತಾನೆ.

ಮೂರು ಗಂಟೆಯಾಯಿತು. ಪಟ್ಟಿಯ ಕೊನೆಗೆ ಬಂದೆ, ಒಂದೂ ಹೊಂದಲಿಲ್ಲ.

ಆಗ ಅವರು ನಿಜವಾಗಿ ರಿಟೈರ್ ಆದ ಮೇಲಿನ ತಿಂಗಳುಗಳು ನೆನಪಾದವು. ಮಿಕ್ಸರ್ ಬಿಚ್ಚಿದರು. ಪಂಖಾ ಇಳಿಸಿ ಹಾಸಿಗೆಯ ಮೇಲೆ ಹರವಿದರು. ನಮ್ಮ ಬಿಲ್ಡಿಂಗಿನ ನೀರಿನ ಪಂಪ್ ಕೆಟ್ಟಾಗ ತಾವೇ ಹೋದರು. ಒಂದು ತಾಸಿನ ನಂತರ ಮೇಲೆ ಬಂದರೆ ಮೈ ತುಂಬ ಬೆವರು. ಕೆಳಗೆ ಯಾರೋ ಗಡಿಯಾರ ನೋಡುತ್ತ ಹಿಂದೆ ನಿಂತಿದ್ದರಂತೆ. ಈ ವಯಸ್ಸಿನಲ್ಲಿ ಯಾಕೆ ಬೇಕು ಎಂದು ನಾನು ಬೈದೆ. ಅವರು ಹೇಳಿದ್ದು ಇಷ್ಟೇ: "ಪಂಪ್ ಏನ್ ತ್ರಾಸ ಕೊಡಂಗಿಲ್ಲ. ಹಿಂದ ನಿಂತಾಂವ ಕೊಡ್ತಾನ."

ಅದೇ ಮನುಷ್ಯ ಒಂದು ಹಳೇ ಟೇಬಲ್ ಪಂಖಾ ಇಟ್ಟುಕೊಂಡು ಮೂರು ವಾರ ನೆಲದ ಮೇಲೆ ಕೂತಿದ್ದರು. ಅದು ಯಾರಿಗೂ ಬೇಕಾಗಿರಲಿಲ್ಲ. ಬಿಚ್ಚುವುದು, ಒರೆಸುವುದು, ಮತ್ತೆ ಜೋಡಿಸುವುದು. ಅದು ತಿರುಗಲೇ ಇಲ್ಲ, ಅವರಿಗೆ ಬೇಸರವೂ ಆಗಲಿಲ್ಲ. ಅಷ್ಟು ನೆಮ್ಮದಿಯಿಂದ ಅವರು ಕೂತದ್ದು ನಾನು ಬೇರೆ ಯಾವಾಗಲೂ ಕಂಡಿಲ್ಲ.

ಕೆಲಸ ಇಲ್ಲದ ಲೋಕ ಹುಡುಕಿದ್ದೇ ತಪ್ಪು. ಎಲ್ಲವೂ ಕೆಟ್ಟಿರಬೇಕು, ಆದರೆ ಹಿಂದೆ ಯಾರೂ ನಿಂತಿರಬಾರದು.

ಪಟ್ಟಿಯಲ್ಲಿ ಹನ್ನೆರಡರ ನಂತರ ಹದಿನಾಲ್ಕು ಇತ್ತು. ಹದಿಮೂರನ್ನು ಯಾರೂ ಮುಟ್ಟಿರಲಿಲ್ಲ. ನಾನು ಹದಿಮೂರನೇ ಮಹಡಿ ಬರೆದೆ. ಓಡಿ ಓಡಿ ಮುಗಿಸಿದ ಲೋಕಲ್ ಗಾಡಿಗಳು ಬಂದು ನಿಲ್ಲುವ ಒಂದು ದೊಡ್ಡ ಶೆಡ್. ಬಾಗಿಲು ಸಿಕ್ಕಿಕೊಂಡ ಡಬ್ಬಿಗಳು, ಅರ್ಧ ತಿರುಗಿ ನಿಲ್ಲುವ ಪಂಖಾಗಳು, ತಪ್ಪು ಹೊತ್ತು ತೋರಿಸುವ ಇಂಡಿಕೇಟರುಗಳು. ಪ್ಲಾಟ್‌ಫಾರ್ಮ್ ಉದ್ದಕ್ಕೂ ಬಿಸಿಲು. ಒಬ್ಬ ಪ್ಯಾಸೆಂಜರ್ ಇಲ್ಲ, ಆಫೀಸಿಗೆ ತಡವಾಯಿತೆನ್ನುವವರಿಲ್ಲ, ಸೀಟಿ ಹೊಡೆಯುವವರಿಲ್ಲ. ಬೇಕಾದರೆ ರಿಪೇರಿ ಮಾಡಬಹುದು, ಬೇಡವಾದರೆ ಬಿಚ್ಚಿ ಹಾಗೇ ಬಿಡಬಹುದು.

ಒಂದೇ ಬೆರಳಿನಲ್ಲಿ ಒತ್ತುತ್ತ ಅಷ್ಟು ಬರೆಯುವುದರೊಳಗೆ ಐದು ಹೊಡೆದಿತ್ತು. ಕೊನೆಗೆ ಮಿಸ್ತ್ರಿ ಚೀಲ ಹೆಗಲಿಗೇರಿಸಿ ಲಿಫ್ಟಿನಿಂದ ಇಳಿಯುತ್ತಾನೆ, ತಿರುಗಿ ಲಿಫ್ಟ್‌ಮನ್ನನ ಮುಖ ನೋಡಿ "ಬರ್ತೀನಿ" ಎನ್ನುತ್ತಾನೆ. ಅಷ್ಟು ಬರೆದು ಕಳಿಸಿದೆ.

ಸರಿ ಎನ್ನುವ ಹೆಬ್ಬೆಟ್ಟಿನ ಚಿತ್ರಗಳು ಒಂದೊಂದೇ ಬಂದವು. ಬೇಡವೆಂದವರು ಒಬ್ಬರೂ ಇಲ್ಲ. ನಾನು ಎದ್ದು ನೀರು ಕುಡಿದು ಬಂದೆ. ಬರುವಷ್ಟರಲ್ಲಿ ದೀದಿಯದು ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಬಂದಿತ್ತು. ಕೂಡಿಸಿ ಕೂಡಿಸಿ ಓದಿದೆ.

"ಮಿಸ್ತ್ರಿ ರಿಟೈರ್ ನಹೀ ಹುವಾ. ವೋ ಬೋಲ್ ರಹಾ ಹೈ, ಮೈ ಆ ರಹಾ ಹೂಂ. ಲಿಫ್ಟ್ ಮೇ ವಾಪಸ್."

ಮಿಸ್ತ್ರಿಯನ್ನು ಮತ್ತೆ ಲಿಫ್ಟಿಗೇ ಹಾಕಿದ್ದಳು. ಮೊದಲು ನನಗೆ ಅರ್ಥವೇ ಆಗಲಿಲ್ಲ. ಬರುತ್ತಿದ್ದೇನೆಂದು ಅವನು ಎಲ್ಲಿ ಹೇಳಿದ? ಆಮೇಲೆ ತಿಳಿಯಿತು. ಫೋನು "ಬರ್ತೀನಿ" ಎಂಬುದನ್ನು ದೀದಿಗೆ ಹಾಗೆ ಅನುವಾದ ಮಾಡಿಕೊಟ್ಟಿತ್ತು. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಇಪ್ಪತ್ತು ನಿಮಿಷ ಇತ್ತು. ಉತ್ತರ ಬರೆಯತೊಡಗಿದೆ, ಬೆರಳು ತಪ್ಪು ಅಕ್ಷರದ ಮೇಲೇ ಬೀಳುತ್ತಿತ್ತು. ಅಳಿಸಿ ಬರೆದು ಅಳಿಸಿ, ಉಳಿದದ್ದು ಹದಿನಾರು ನಿಮಿಷಕ್ಕೆ ಬಂತು. ಮೂಲೆಯಲ್ಲಿ ಫೋನಿನ ಚಿತ್ರವಿತ್ತು. ಒತ್ತಿದರೆ ಎಲ್ಲರಿಗೂ ರಿಂಗ್ ಹೋಗುತ್ತದೆಂದು ಗೊತ್ತಿತ್ತು. ಬಿಲ್ಡಿಂಗಿನ ಮೀಟಿಂಗಿನಲ್ಲಿ ಇಪ್ಪತ್ತು ವರ್ಷ ಬಾಯಿ ಬಿಡದವಳು ನಾನು. ಕಣ್ಣು ಮುಚ್ಚಿ ಒತ್ತಿದೆ.

"ಹಲೋ? ಕೋನ್?"

"ನಾನು... ಅಜ್ಜಿ. ಮಿಸ್ತ್ರಿ ಕಡೆಯಾಕಿ."

ನಾಲ್ಕಾರು ಕಡೆಯಿಂದ ನಗು ಕೇಳಿತು. "ಏ ಮಿಸ್ತ್ರೀ ಕೀ ಬಾಯಕೋ ಆ ಗಯೀ!" ಎಂದು ಯಾರೋ ಕೂಗಿದರು. ಮಿಸ್ತ್ರಿಯ ಹೆಂಡತಿಯೆಂದು ಕರೆಸಿಕೊಂಡು ನನಗೆ ಕಿವಿಯವರೆಗೆ ಬಿಸಿಯಾಯಿತು.

"ಚುಪ್ ರೇ!" ಎಂದಿತು ಒಂದು ದೊಡ್ಡ ದನಿ. ಅದು ದೀದಿ, ಬೆಳಗಾವಿ ಕಡೆಯ ಕನ್ನಡ. "ಆಜಿ, ನಮಸ್ಕಾರ್ರಿ. ನೀವ್ ಬರ್ದಿದ್ದು ಮಸ್ತ್ ಐತಿ. ಆದ್ರ ಲಾಸ್ಟ್ ಲೈನ್ ಗಡಬಡ್ ಐತ್ರಿ. ರಿಟೈರ್ ಆಗಾಂವ ಬರ್ತೀನಿ ಅಂದ್ರ ಹ್ಯಾಂಗ?"

"ಅದು ಬರೂದಲ್ಲವಾ. ಹೋಗೂದು."

"ಹಾಂ?"

ಮರಾಠಿಯವರೂ ಹೋಗುವಾಗ ಬರ್ತೀನಿ ಎಂದೇ ಹೇಳುತ್ತಾರೆಂದು ಠಾಣೆಯ ಹುಡುಗನೊಬ್ಬ ನಡುವೆ ಬಾಯಿ ಹಾಕಿದ. "ದೀದಿ, ಮರಾಠೀ ಮೇ ಭೀ ತೋ ಜಾತೇ ಟೈಮ್ 'ಯೇತೋ' ಬೋಲ್ತೇ. ಸೇಮ್ ಟು ಸೇಮ್."

"ಗೊತ್ತೈತಿ ಲೇ. ನಮ್ಮ ಮಮ್ಮೀನೂ ಆಫೀಸಿಗೆ ಹೋಗೂ ಮುಂದ ಬರ್ತೀನಿ ಅಂತಾಳ. ಅಂದು ಸಂಜೀಕ ವಾಪಸ್ ಬರ್ತಾಳ! ಅದೇ ಪ್ರಾಬ್ಲೆಮ್." ಅವಳು ನನ್ನ ಕಡೆ ತಿರುಗಿದಂತೆ ದನಿ ಇಳಿಸಿದಳು. "ಆಜಿ, ಹಿಂದ ಒಂದ್ಸಲ ಆ ಬೆಕ್ಕು ಇಳೀವಾಗ 'ಫಿರ್ ಮಿಲೇಂಗೇ' ಅಂದಿತ್ರಿ. ಇವ್ರು ಮೂರು ಸಲ ವಾಪಸ್ ಎಳ್ಕೊಂಡ್ ಬಂದ್ರು. ಅದಕ್ಕ ರೂಲ್ ಮಾಡೀನಿ. ಒಂದೇ ಶಬ್ದರಿ. 'ಹೋಗ್ತೀನಿ' ಅಂತ ಮಾಡ್ರಿ, ನಾ ಲಗೇಚ್ ಓಕೆ ಮಾಡ್ತೀನಿ."

ಒಂದೇ ಶಬ್ದ. ಹನ್ನೊಂದು ನಿಮಿಷ ಉಳಿದಿತ್ತು. ಬೆರಳನ್ನು ಆ ಶಬ್ದದ ಮೇಲೆ ಇಟ್ಟೆ. ಅಳಿಸಲು ಆಗಲಿಲ್ಲ.

ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ನಿಮ್ಮ ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ದ ದಿನ ನಿಮ್ಮ ಅಪ್ಪ ಕೆಳಗೆ ಟ್ಯಾಕ್ಸಿ ತಂದಿದ್ದ. ನಾನು ಹಿಂದಿನಿಂದ ಬರುವುದೆಂದು ಮಾತಾಗಿತ್ತು. ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಚೌಕಟ್ಟು ಹಿಡಿದು ನಿಂತು "ಬರ್ತೀನಿ" ಅಂದರು. ನಾನು ಒಳಗೆ ಡಾಕ್ಟರರ ಹಳೇ ಚೀಟಿ ಹುಡುಕುತ್ತಿದ್ದೆ. ನಮ್ಮಲ್ಲಿ ಆ ಮಾತಿಗೆ ಮನೆಯಲ್ಲಿ ಉಳಿದವರು ಒಂದು ಉತ್ತರ ಕೊಡಬೇಕು, "ಹೂಂ, ಹೋಗಿ ಬರ್ರಿ" ಎಂದು. ಮದುವೆಯಾದಂದಿನಿಂದ ಒಂದು ದಿನ ತಪ್ಪಿಸಿದವಳಲ್ಲ. ಅವತ್ತು ತಲೆ ಎತ್ತದೆ "ತಡೀರಿ, ಚೀಟಿ ಸಿಗವಲ್ದು" ಅಂದೆ. ಅವರು ಸ್ವಲ್ಪ ಹೊತ್ತು ನಿಂತರು, ಆಮೇಲೆ ಮೆಟ್ಟಿಲಿಳಿದ ಸಪ್ಪಳ ಕೇಳಿತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರಿಗೆ ಮಾತು ಇರಲಿಲ್ಲ.

"ಆಜಿ? ಲೈನ್ ಮ್ಯಾಲಿದ್ದೀರೇನ್ರಿ? ಟೈಮ್ ಇಲ್ರಿ."

"ಹೋಗ್ತೀನಿ ಅಂತ ನಾ ಬರಿಯಂಗಿಲ್ಲವಾ," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ಮನೀ ಬಾಗಲದಾಗ ನಿಂತು ಹಂಗ ಯಾರೂ ಅನ್ನಂಗಿಲ್ಲ. ಆ ಮಾತು ಮುಗಿದಿಲ್ಲ, ಅರ್ಧಾ ಆಗ್ಯದ. ಹೋಗಾಂವ ಬರ್ತೀನಿ ಅಂತಾನ. ನಿಂತಾಂವ ಹೂಂ, ಹೋಗಿ ಬರ್ರಿ ಅನಬೇಕು. ಅಂದ್ರಷ್ಟ ಹೋದಂಗ. ಹೂಂ ಅಂದು ಕಳಿಸಿದವ್ರು ಮತ್ತ ಕರಿಯಂಗಿಲ್ಲ. ನಿನ್ನ ಲಿಫ್ಟ್‌ಮನ್ ಕಂಬಾ ನಿಂತಂಗ ನಿಂತಾನ. ಅವನ ಬಾಯಿ ತಗಸು."

ದೀದಿ ಆಗದು ಎಂದರೆ? ಲಿಫ್ಟ್ ಬೀಳುತ್ತದೆ. ಅಲ್ಲಿ ಪರೀಕ್ಷೆ ಬರೆಯುತ್ತಿರುವ ಹುಡುಗಿಯ ಪಾತ್ರವನ್ನು ನನ್ನದೊಂದು ಹಟಕ್ಕೆ ನಾನು ಕೊಂದಂತಾಗುತ್ತದೆ. ಅವಳು ನನ್ನ ಕೈಗೆ ಕೊಟ್ಟು ಹೋದದ್ದು ಇದಕ್ಕಲ್ಲ. ಬದಲಾಯಿಸಿಬಿಡಲೇ ಎಂದು ಮತ್ತೆ ಬೆರಳಿಟ್ಟೆ.

"ಎರಡ್ ಮಿನಿಟ್ರಿ," ಎಂದಳು ದೀದಿ, ಮತ್ತು ಅವಳ ದನಿ ಹೋಯಿತು.

"ದೀದಿ ಕಟ್ ಕರ್ ದೀ ಕ್ಯಾ?" "ಪತಾ ನಹೀ." "ಆಜಿ, ಟೆನ್ಶನ್ ಮತ್ ಲೋ." ಮಕ್ಕಳು ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಆರಕ್ಕೆ ಏಳು. ಆರಕ್ಕೆ ಐದು. ಎರಡು ನಿಮಿಷ ಎಂದವಳು ಬರಲಿಲ್ಲ. ಯಾರದೋ ಮನೆಯ ಕುಕ್ಕರ್ ಸೀಟಿ ಹೊಡೆಯಿತು.

ಆರಕ್ಕೆ ಮೂರು ನಿಮಿಷವಿರುವಾಗ ನನ್ನ ಸಾಲಿನ ಕೆಳಗೆ ಅಕ್ಷರಗಳು ಮೂಡಿದವು. ಕನ್ನಡದ ಅಕ್ಷರಗಳೇ. ಕನ್ನಡ ಬರೆಯಲು ಬಾರದ ದೀದಿ ಯಾರನ್ನೋ ಕೇಳಿ ಬರೆದಿದ್ದಳು, ಒಂದು ಒತ್ತು ತಪ್ಪಿತ್ತು, ಇಲ್ಲಿ ತಿದ್ದಿದ್ದೇನೆ. "ಹೂಂ, ಸಾವಕಾಶ ಹೋಗಿ ಬರ್ರಿ ಅಂದ ಲಿಫ್ಟ್‌ಮನ್. ಜಾಳಿಗೆ ಬಾಗಿಲು ತಾನೇ ಎಳೆದುಕೊಂಡ."

"ಮಮ್ಮೀಗೆ ಕೇಳಿ ಬರ್ದೆ," ಎಂದಿತು ದೀದಿಯ ದನಿ. "ಮಮ್ಮಿ ನನಗ ಬೈದ್ಳ್ರಿ. ಇಷ್ಟು ಗೊತ್ತಿಲ್ಲೇನ ನಿನಗ ಅಂತ. ಓಕೆ, ಮಿಸ್ತ್ರಿ ರಿಟೈರ್ಡ್. ಕೋಯೀ ಬುಲಾಯೇಗಾ ನಹೀ, ಸಮ್ಝೇ?"

ಆರಕ್ಕೆ ಸರಿಯಾಗಿ ಅವಳು ಕೊನೆಯ ಅಧ್ಯಾಯ ಹಾಕಿದಳು. ಲಿಫ್ಟ್‌ಮನ್ ನೆಲಮಹಡಿಯಲ್ಲಿ ಇಳಿದು, ಯಾವಾಗಲೂ ಕಿಟಕಿಯ ಸೀಟು ಸಿಗುವ ಒಂದು ಸ್ಲೋ ಲೋಕಲ್ ಹತ್ತುತ್ತಾನೆ. ಖಾಲಿ ಲಿಫ್ಟ್ ತಾನಾಗಿಯೇ ಮೇಲೇರುತ್ತದೆ, ಹಗ್ಗ ಹರಿಯುತ್ತದೆ, ಬೀಳುತ್ತದೆ. ನಾನು ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಎರಡು ಸಲ ಓದಿದೆ. ಒಳಗೆ ಯಾರೂ ಇರಲಿಲ್ಲ. ಇಲ್ಲವೆಂದು ಖಾತ್ರಿಯಾದ ಮೇಲೆ ಎದ್ದು ದೀಪ ಹಚ್ಚಿದೆ.

ಏಳೂಕಾಲಿಗೆ ಅಕ್ಕ ಬಂದಳು. ಬಾಗಿಲಲ್ಲೇ ನಿಂತು, ಚೀಲ ಹೆಗಲ ಮೇಲೇ ಇಟ್ಟುಕೊಂಡು ಟ್ಯಾಬ್ ಕೈಗೆ ತೆಗೆದುಕೊಂಡಳು. ಅವಳಿಗೆ ಕನ್ನಡ ಓದುವುದು ನಿಧಾನ. ತುಟಿ ಅಲ್ಲಾಡಿಸುತ್ತ ಓದಿದಳು. ಝೋಕಾಲಿ ತೆಗೆದದ್ದಕ್ಕೆ ಸಿಟ್ಟಾಗುತ್ತಾಳೇನೋ ಎಂದು ನಾನು ಸೆರಗು ಹಿಂಡುತ್ತ ನಿಂತಿದ್ದೆ. ಕೊನೆಗೆ ಬಂದಳು, ಮತ್ತೆ ಮೇಲಕ್ಕೆ ಹೋದಳು, ಮತ್ತೆ ಓದಿದಳು.

"ಅಜ್ಜಿ, ಆ ಶೆಡ್ಡಿನಾಗ ಚಾ ಯಾರ್ ಮಾಡ್ತಾರ?"

ನಾನು ಯೋಚಿಸಿಯೇ ಇರಲಿಲ್ಲ. "ತಾನೇ ಮಾಡ್ಕೋತಾನ," ಅಂದೆ.

"ಹ್ಯಾಂಗ ಮಾಡ್ಕೋತಾರ? ಅಜ್ಜಗ ಗ್ಯಾಸ್ ಹಚ್ಚಾಕೇ ಬರ್ತಿದ್ದಿಲ್ಲ."

ಮಿಸ್ತ್ರಿ ಎನ್ನಲಿಲ್ಲ ಅವಳು, ಅಜ್ಜ ಅಂದಳು. ಅಂದು ತಾನೇ ಬೆಚ್ಚಿ ನನ್ನ ಮುಖ ನೋಡಿದಳು. ಗ್ರೂಪ್ ಮುಚ್ಚಿಹೋಗಿತ್ತು, ಇನ್ನು ಅಲ್ಲಿಗೆ ಒಂದು ಸ್ಟೋವ್ ಕಳಿಸುವ ಹಾಗೂ ಇರಲಿಲ್ಲ.

"ಕಲೀತಾರ ಬಿಡು," ಅಂದೆ.

"ಕಲಿಯಂಗಿಲ್ಲ ಅವ್ರು," ಎಂದಳು. ಚೀಲ ಕೆಳಗಿಟ್ಟು ನನ್ನ ಪಕ್ಕ ಕೂತಳು. ನಾವಿಬ್ಬರೂ ಆ ಚಿಂತೆಯಲ್ಲೇ ಬಹಳ ಹೊತ್ತು ಕೂತಿದ್ದೆವು, ಮದುವೆಯಿಂದ ನೀವು ಬಂದು ಗಂಟೆ ಒತ್ತುವ ತನಕ.